ಡ್ರೈವರ್ ಬಾಟಾ ಮತ್ತು ನಮ್ಮ ಔದಾರ್ಯ

ಟ್ರಾವೆಲ್ಸಿನವರು ಕೊಡುವ ಬಿಲ್ಲನ್ನು ಒಮ್ಮೆ ಗಮನವಿಟ್ಟು ಓದಿ. ಕಿಲೋಮೀಟರಿಗೆ ಇಷ್ಟು, ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರು, ಟೋಲು ಬೇರೆ, ಪಾರ್ಕಿಂಗು ಬೇರೆ, ರಾಜ್ಯದ ಗಡಿ ದಾಟಿದರೆ ಪರ್ಮಿಟ್ಟು ಬೇರೆ. ಇವೆಲ್ಲ ಮುಗಿದ ಮೇಲೆ ಕೊನೆಗೊಂದು ಸಾಲು: ಡ್ರೈವರ್ ಬಾಟಾ, ದಿನಕ್ಕೆ ಇಷ್ಟು. ಈಗ ಅದು ಸಾಮಾನ್ಯವಾಗಿ 300ರಿಂದ 500 ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಆ ದುಡ್ಡಿನಲ್ಲಿ ಆತ ಮೂರು ಹೊತ್ತು ಉಣ್ಣಬೇಕು, ಸ್ನಾನ ಮಾಡಬೇಕು, ರಾತ್ರಿ ಎಲ್ಲಾದರೂ ಮಲಗಬೇಕು. ಸೀಸನ್ನಿನ ಶನಿವಾರ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ರೂಮು ಹುಡುಕಿದ ಅನುಭವವಿರುವ ಯಾರಿಗೇ ಆದರೂ ಈ ಲೆಕ್ಕ ಕೂಡುವುದಿಲ್ಲವೆಂದು ಗೊತ್ತು. ಹಾಗಾಗಿ ಆತ ಗಾಡಿಯಲ್ಲೇ ಮಲಗುತ್ತಾನೆ. ಮರುದಿನ ಬೆಳಿಗ್ಗೆ ಅದೇ ಮನುಷ್ಯ, ಸೀಟಿನ ಮೇಲೆ ಮುದುಡಿ ಮಲಗಿ ಎದ್ದ ಬೆನ್ನಿನಲ್ಲೇ, ನಮ್ಮನ್ನು ಚಾರ್ಮಾಡಿಯ ತಿರುವುಗಳಲ್ಲಿ ಇಳಿಸಿಕೊಂಡು ಹೋಗುತ್ತಾನೆ.

ಪ್ರವಾಸದ ಕೊನೆಯ ದಿನ, ಮನೆಗೆ ಇನ್ನೆರಡು ಕಿಲೋಮೀಟರು ಎನ್ನುವಾಗ, ಹಿಂದಿನ ಸೀಟಿನಲ್ಲಿ ಪಿಸುಮಾತು ಶುರುವಾಗುತ್ತದೆ. 'ಟಿಪ್ಸ್ ಎಷ್ಟು ಕೊಡೋಣ?'

ನನ್ನ ತಕರಾರು ಈ ಪಿಸುಮಾತಿನ ಮೇಲೆ. ಅದು ಕೊನೆಯ ಎರಡು ಕಿಲೋಮೀಟರಿಗೆ ಉಳಿದುಕೊಂಡದ್ದರ ಮೇಲೆ, ಪಿಸುಮಾತಾಗಿದ್ದರ ಮೇಲೆ, ಮತ್ತು ಅದರೊಳಗೆ ಕೂತಿರುವ 'ಕೊಡೋಣ' ಎಂಬ ಧಾರಾಳತನದ ಮೇಲೆ. ಎಷ್ಟು ಕೊಟ್ಟರೆ ಮರ್ಯಾದೆ, ಎಷ್ಟು ಕೊಟ್ಟರೆ ಜಾಸ್ತಿ ಎಂದು ಚರ್ಚಿಸುವ ಶಿಷ್ಟಾಚಾರವೆಲ್ಲ ಮೊದಲೇ ಒಂದು ವಿಷಯವನ್ನು ಇತ್ಯರ್ಥ ಮಾಡಿಕೊಂಡಿರುತ್ತದೆ: ಇದು ನನ್ನ ದುಡ್ಡು, ನಾನು ಮನಸ್ಸು ಮಾಡಿದರೆ ಅವನಿಗೆ ಸಿಗುತ್ತದೆ. ಅದು ಹಾಗಲ್ಲ ಎನ್ನುವುದು ನನ್ನ ವಾದ. ಆ ಹಣದಲ್ಲಿ ಬಹುಪಾಲು ಆತನ ಕೂಲಿಯೇ. ಗಾಡಿಯ ಮಾಲೀಕ ಬಿಲ್ಲಿನಲ್ಲಿ ಸೇರಿಸದೆ ಬಿಟ್ಟ ಕೂಲಿ. ಸೇರಿಸದಿದ್ದ ಕಾರಣಕ್ಕೇ ನಮಗೆ ಪ್ರವಾಸ ಅಗ್ಗವಾಗಿ ಸಿಕ್ಕಿರುತ್ತದೆ.

ನಾನು ಪಿಎಚ್‌ಡಿಗೆ ಓದುತ್ತಿರುವುದು ವಸಾಹತು ಕಾಲದ ಕಡತಗಳ ಕನ್ನಡವನ್ನು. ಹಾಗಾಗಿ ಬಾಟಾದಂಥ ಪದ ಕಣ್ಣಿಗೆ ಬಿದ್ದರೆ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ. ಓದುಗರು ಸ್ವಲ್ಪ ಸಹಿಸಿಕೊಳ್ಳಬೇಕು. ಇದನ್ನು ನಾವು ಟ್ರಾವೆಲ್ಸಿನವರ ಹರಕು ಇಂಗ್ಲಿಷು ಎಂದುಕೊಂಡಿದ್ದೇವೆ. ಕೆಲವರಿಗೆ ಚಪ್ಪಲಿ ಅಂಗಡಿ ನೆನಪಾಗುತ್ತದೆ. ಆದರೆ ಇದು ಈಸ್ಟ್ ಇಂಡಿಯಾ ಕಂಪನಿಯ ದಾಖಲೆಗಳಲ್ಲಿ ಎಲ್ಲೆಲ್ಲೂ ಸಿಗುವ 'ಬಟ್ಟಾ'. ಠಾಣ್ಯ ಬಿಟ್ಟು ದಂಡಿನ ಜೊತೆ ಹೊರಟವನಿಗೆ ಸಂಬಳದ ಮೇಲೆ ಕೊಡುತ್ತಿದ್ದ ಊಟ-ವಸತಿಯ ಹಣ. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ನಿಘಂಟು ಈ ಪದದ ಬೇರನ್ನು ಹುಡುಕುತ್ತ ಪೋರ್ಚುಗೀಸರ ಮೂಲಕ ಹಾದು ನಮ್ಮ ಕನ್ನಡದ 'ಭತ್ತ'ಕ್ಕೇ ಬಂದು ನಿಲ್ಲುತ್ತದೆ. ಬಾಟಾ ಎಂದರೆ ಭತ್ತ. ದುಡಿಯಲು ಬಂದವನ ಹೊಟ್ಟೆಗೆ ಸಲ್ಲಬೇಕಾದದ್ದು. ರಾಬರ್ಟ್ ಕ್ಲೈವ್ ಈ ಬಟ್ಟಾವನ್ನು ಕಡಿತ ಮಾಡಿದಾಗ, 1766ರಲ್ಲಿ, ಬಂಗಾಳದ ಕಂಪನಿ ಸೈನ್ಯದ ಬಿಳಿಯ ಅಧಿಕಾರಿಗಳು ಗುಂಪುಗುಂಪಾಗಿ ರಾಜೀನಾಮೆಗೆ ಮುಂದಾದರು. 'ಸಾಹೇಬರು ಪ್ರೀತಿಯಿಂದ ಎಷ್ಟು ಕೊಟ್ಟರೂ ಸಂತೋಷ' ಎಂದು ಅವರಲ್ಲಿ ಯಾರೂ ತಲೆ ಕೆರೆದುಕೊಂಡು ನಿಲ್ಲಲಿಲ್ಲ. ಇವತ್ತಿಗೂ ಸರ್ಕಾರಿ ನೌಕರರ ತುಟ್ಟಿಭತ್ಯೆ ಎರಡು ತಿಂಗಳು ತಡವಾದರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಅದನ್ನು ಯಾರೂ ಟಿಪ್ಸ್ ಅನ್ನುವುದಿಲ್ಲ.

ಭಕ್ಷೀಸು ಬೇರೆಯೇ ಮನೆಯ ಪದ. ಅದು ಪಾರಸಿಯಿಂದ ಬಂದದ್ದು, ಅದರ ಮೂಲ ಕ್ರಿಯಾಪದಕ್ಕೆ ಕೊಡು ಎಂಬ ಅರ್ಥದ ಜೊತೆಗೆ ಕ್ಷಮಿಸು ಎಂಬ ಅರ್ಥವೂ ಇದೆ. ಅರಬ್ಬಿಯಿಂದ ಬಂದ ಇನಾಮು ಕೂಡ ಅನುಗ್ರಹದ ಪದವೇ. ಮೇಲೆ ಕೂತವನು ಮನಸ್ಸು ಬಂದಾಗ ಕೆಳಕ್ಕೆ ಇಳಿಸುವುದು. ನಮ್ಮ ಹಳ್ಳಿಗಳಲ್ಲಿ ಇವೆರಡೂ ಅಲ್ಲದ ಇನ್ನೊಂದು ಪದವಿತ್ತು: ಆಯ. ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಆಯಗಾರರಿಗೆ ಕೊಡುತ್ತಿದ್ದ ಪಾಲು. ಆ ವ್ಯವಸ್ಥೆ ಜಾತಿಯ ಮೇಲೇ ನಿಂತದ್ದು, ಯಾರಿಗೆ ಕಾಳು ಯಾರಿಗೆ ಜೊಳ್ಳು ಎನ್ನುವುದನ್ನೂ ಜಾತಿಯೇ ತೀರ್ಮಾನಿಸುತ್ತಿತ್ತು. ಅದನ್ನು ಹೊಗಳುವ ಇರಾದೆ ನನಗಿಲ್ಲ. ಆದರೂ ಒಂದು ಮಾತು ನಿಜ: ಆಯ ಕೇಳಲು ಬಂದವನು ಬೇಡಲು ಬಂದವನಾಗಿರಲಿಲ್ಲ. ಬಾಟಾ ಆಯದ ಕುಲಕ್ಕೆ ಸೇರಿದ್ದು. ನಾವು ಅದನ್ನು ಮಾಲೀಕನ ಕೈಯಲ್ಲಿ ಚೂರುಪಾರು ಮಾಡಲು ಬಿಟ್ಟು, ಉಳಿದದ್ದನ್ನು ಭಕ್ಷೀಸಿನ ಹೆಸರಿನಲ್ಲಿ ತುಂಬಿಸುತ್ತಿದ್ದೇವೆ.

ವಿಭಾಗದ ಗೆಳೆಯರು ಹತ್ತು ಮಂದಿ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹಂಪಿಗೆ ಹೋಗಿದ್ದೆವು. ಕೊನೆಯ ರಾತ್ರಿ ಹೊಸಪೇಟೆಯ ಲಾಡ್ಜಿನ ಟೆರೇಸಿನ ಮೇಲೆ ಈ ವಿಷಯಕ್ಕೆ ಒಂದು ಗಂಟೆ ಜಗಳವಾಯಿತು. ಕೆಳಗೆ ಅಂಗಳದಲ್ಲಿ ನಮ್ಮ ಗಾಡಿ ನಿಂತಿತ್ತು, ಮುಂದಿನ ಬಾಗಿಲು ಅರ್ಧ ತೆರೆದು ಒಂದು ಜೊತೆ ಕಾಲು ಹೊರಗೆ ಚಾಚಿಕೊಂಡಿದ್ದವು. ವಾದಗಳು ಹೀಗಿದ್ದವು. ಒಬ್ಬನೆಂದ, 'ಬಾಟಾ ಕೊಟ್ಟಾಗಿದೆಯಲ್ಲ, ಮತ್ತೆ ಯಾಕೆ?' ಇನ್ನೊಬ್ಬಳು, 'ಆನೆಗುಂದಿಗೆ ಕರ್ಕೊಂಡು ಹೋಗು ಅಂದ್ರೆ ಮುಖ ಗಂಟು ಹಾಕ್ಕೊಂಡ, ಅದಕ್ಕೆ ಕಟ್ ಮಾಡೋಣ.' ಮೂರನೆಯವನ ಕಾಳಜಿ ಸಾಮಾಜಿಕ: ಜಾಸ್ತಿ ಕೊಟ್ಟರೆ ಅಭ್ಯಾಸ ಕೆಡುತ್ತದೆ, ಮುಂದೆ ಬರುವ ಬಡ ವಿದ್ಯಾರ್ಥಿಗಳಿಗೆ ತೊಂದರೆ. ನಾಲ್ಕನೆಯವನದು ಸಿದ್ಧಾಂತ. ಟಿಪ್ಸ್ ಎನ್ನುವುದೇ ಊಳಿಗಮಾನ್ಯ ಪಳೆಯುಳಿಕೆ, ಕೆಲಸಗಾರನ ಘನತೆಗೆ ಅವಮಾನ, ಆದ್ದರಿಂದ ತಾನು ತಾತ್ವಿಕವಾಗಿ ಕೊಡುವುದಿಲ್ಲ ಎಂದ.

ಮೊದಲ ಮೂರಕ್ಕೆ ಉತ್ತರ ಸುಲಭ. ಬಾಟಾ ಕೊಟ್ಟದ್ದು ನಿಜ, ಆದರೆ ಕೊಟ್ಟದ್ದು ಟ್ರಾವೆಲ್ಸಿಗೆ. ಅದರಲ್ಲಿ ಆತನ ಕೈಗೆ ಬಿದ್ದದ್ದು ಎಷ್ಟೆಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೆಳಗಿಳಿದು ಕೇಳಿದೆ: ಅರ್ಧ, ಅದೂ ತಿಂಗಳ ಕೊನೆಗೆ. ಇನ್ನು ಮುಖ ಗಂಟು ಹಾಕಿಕೊಂಡದ್ದು. ಬೆಳಿಗ್ಗೆ ಐದಕ್ಕೆ ಸೂರ್ಯೋದಯಕ್ಕೆಂದು ಮಾತಂಗ ಬೆಟ್ಟದ ಬುಡಕ್ಕೆ ಗಾಡಿ ತಂದವನನ್ನು ಸಂಜೆ ಆರಕ್ಕೆ ಹೊಳೆಯಾಚೆಗೆ ಹೊರಡು ಎಂದರೆ ಯಾರ ಮುಖವಾದರೂ ಅರಳುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆಯ ದುಡಿಮೆ ಎಂದಿತ್ತು. ನಮ್ಮ ಹಂಪಿಯ ಮೂರು ದಿನಗಳಲ್ಲಿ ಎಂಟು ಗಂಟೆಗೆ ಮುಗಿದ ದಿನ ಒಂದೂ ಇರಲಿಲ್ಲ. ಅಭ್ಯಾಸ ಕೆಡುವ ಮಾತಿಗೆ ಉತ್ತರವೇ ಬೇಡ. ಕೂಲಿಯವರ ಅಭ್ಯಾಸದ ಬಗ್ಗೆ ಈ ನಾಡಿನ ಜಮೀನ್ದಾರರೆಲ್ಲ ಆಡಿದ ಮಾತು ಅದು, ನಮ್ಮ ಬಾಯಲ್ಲಿ ಜೀನ್ಸು ತೊಟ್ಟುಕೊಂಡು ಬಂದಿದೆ.

ನನಗೆ ನಿಜವಾಗಿ ಸಿಟ್ಟು ಬರುವುದು ನಾಲ್ಕನೆಯವನ ಮೇಲೆ, ಅವನ ಪ್ರಮೇಯ ಸರಿಯಾಗಿರುವುದರಿಂದ. ಟಿಪ್ಸ್ ಪದ್ಧತಿಯ ಚರಿತ್ರೆ ಅಸಹ್ಯವಾದದ್ದೇ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಪುಲ್‌ಮನ್ ಕಂಪನಿ ತನ್ನ ಐಷಾರಾಮಿ ರೈಲುಬೋಗಿಗಳಲ್ಲಿ ಪೋರ್ಟರುಗಳಾಗಿ ಬಿಡುಗಡೆ ಹೊಂದಿದ ಕಪ್ಪು ಜನರನ್ನು ಸೇರಿಸಿಕೊಂಡು, ಹೊಟ್ಟೆಗೆ ಸಾಲದ ಸಂಬಳ ಕೊಟ್ಟು, ಉಳಿದದ್ದನ್ನು ಪ್ರಯಾಣಿಕರಿಂದ ಗಿಟ್ಟಿಸಿಕೊಳ್ಳಲು ಬಿಟ್ಟಿತು. ಮಾಲೀಕ ಜಾರ್ಜ್ ಪುಲ್‌ಮನ್‌ನ ಹೆಸರಿನಲ್ಲಿ ಎಲ್ಲ ಪೋರ್ಟರುಗಳನ್ನೂ 'ಜಾರ್ಜ್' ಎಂದೇ ಕರೆಯುತ್ತಿದ್ದರು, ಯಜಮಾನನ ಹೆಸರಿನಿಂದ ಗುಲಾಮನನ್ನು ಕರೆದ ಹಾಗೆ. ಅದೇ ಪೋರ್ಟರುಗಳು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ ಸಂಘ ಕಟ್ಟಿ, ಹನ್ನೆರಡು ವರ್ಷ ಬಡಿದಾಡಿ, 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ಇಂದಿಗೂ ಆ ದೇಶದ ಕೇಂದ್ರ ಕಾನೂನಿನ ಪ್ರಕಾರ ಟಿಪ್ಸ್ ಪಡೆಯುವ ಕೆಲಸಗಾರನಿಗೆ ಮಾಲೀಕ ಗಂಟೆಗೆ 2.13 ಡಾಲರು ಕೊಟ್ಟರೆ ಸಾಕು. 1991ರಿಂದ ಆ ಅಂಕಿ ಅಲುಗಿಲ್ಲ. ಸಾಮಾನ್ಯ ಕನಿಷ್ಠ ಕೂಲಿ 7.25 ಡಾಲರು. ನಡುವಿನ ಅಂತರ ತುಂಬುವುದು ಗಿರಾಕಿಯ ಟಿಪ್ಸು. ಎಷ್ಟೋ ರಾಜ್ಯಗಳು ಇದಕ್ಕಿಂತ ಹೆಚ್ಚು ವಿಧಿಸಿವೆ, ಆದರೆ ತತ್ವ ಇದೇ. (ಅಲ್ಲಿಂದ ರಜೆಗೆ ಬರುವ ನಮ್ಮ ಬಂಧುಗಳು ಅಲ್ಲಿ ಗೊಣಗುತ್ತಲೇ ಬಿಲ್ಲಿನ ಶೇಕಡಾ 20 ಕೊಟ್ಟು, ಇಲ್ಲಿ ವಿಮಾನ ನಿಲ್ದಾಣದಿಂದ ಮಂಡ್ಯದವರೆಗೆ ಕರೆತಂದವನಿಗೆ 'ಐವತ್ತು ಸಾಕಲ್ವಾ?' ಎನ್ನುವುದನ್ನು ನೀವೂ ಕೇಳಿರುತ್ತೀರಿ.)

ಇಷ್ಟೆಲ್ಲ ಗೊತ್ತಿದ್ದ ಮೇಲೆ ನನ್ನ ಗೆಳೆಯನ ಸಿದ್ಧಾಂತ ಏನು ಮಾಡಿತು? ಅವನ 200 ರೂಪಾಯಿ ಉಳಿಸಿತು. ಮಾಲೀಕನಿಗೆ ಫೋನು ಮಾಡಿ 'ನಿಮ್ಮ ಚಾಲಕನಿಗೆ ಸಂಬಳ ಎಷ್ಟು?' ಎಂದು ಕೇಳಲಿಲ್ಲ. ಬಿಲ್ಲಿನಲ್ಲಿ ಬಾಟಾ ಹೆಚ್ಚಿಸಿ ಎನ್ನಲಿಲ್ಲ. ವ್ಯವಸ್ಥೆಯ ವಿರುದ್ಧ ಹೂಡಿದ ಯುದ್ಧದಲ್ಲಿ ಸೋತದ್ದು ಕೆಳಗೆ ಕಾಲು ಚಾಚಿ ಮಲಗಿದ್ದವನೊಬ್ಬನೇ. ಪದ್ಧತಿ ಕೆಟ್ಟದ್ದು ಎನ್ನುವವನು ಅದರ ಬೆಲೆಯನ್ನು ತಾನು ತೆರಬೇಕೇ ಹೊರತು ಅದರಡಿ ಸಿಕ್ಕಿಕೊಂಡವನಿಂದ ತೆರಿಸಬಾರದು.

ಇಂಥ ವಾದಕ್ಕೆ ನಮ್ಮ ಸಾಹಿತ್ಯದಿಂದಲೂ ಆಸರೆ ಹುಡುಕುವವರಿದ್ದಾರೆ. ಕಾಯಕದ ನಾಡು ನಮ್ಮದು, ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ವಾಪಸು ಸುರಿದು ಬಾ ಎಂದವಳು, ಅಂಥ ನಾಡಿನಲ್ಲಿ ಕೂಲಿಯ ಮೇಲೆ ಕೈಯೊಡ್ಡುವುದು ಸರಿಯೇ ಎಂದು ಸೆಮಿನಾರಿನಲ್ಲೊಬ್ಬರು ಕೇಳಿದ್ದರು. ಲಕ್ಕಮ್ಮ ಆ ಮಾತನ್ನು ಹೇಳಿದ್ದು ಯಾರಿಗೆ? ತನ್ನ ಜೊತೆಗೇ ದುಡಿಯುವವನಿಗೆ, ತನ್ನ ಮನೆಯಲ್ಲಿ, ತನ್ನ ಹಸಿವಿನ ಜೊತೆಗೆ. ಅಕ್ಕಿಯ ಒಡೆಯ ಬಂದು ಅವರಿಗೆ ಅಪರಿಗ್ರಹ ಬೋಧಿಸಲಿಲ್ಲ. ದುಡಿಯುವವಳ ಸಂಯಮವನ್ನು ದುಡಿಸಿಕೊಳ್ಳುವವನು ತನ್ನ ಜಿಪುಣತನಕ್ಕೆ ಹೊದಿಸಿಕೊಳ್ಳುವುದು ವಚನಗಳ ಓದಲ್ಲ.

ಟಿಪ್ಸ್ ಯಾರಿಗೆ ಹೋಗುತ್ತದೆ ಎನ್ನುವುದನ್ನೂ ನೋಡಬೇಕು. ಅದು ಕಣ್ಣಿಗೆ ಬೀಳುವವರಿಗೆ ಹೋಗುತ್ತದೆ. ಕಬಿನಿಯಲ್ಲೋ ನಾಗರಹೊಳೆಯಲ್ಲೋ ಸಫಾರಿ ಜೀಪಿಗೆ ಹುಲಿ ಅಡ್ಡ ಬಂತೆಂದರೆ ಆ ದಿನ ಗೈಡಿಗೂ ಚಾಲಕನಿಗೂ ಹಬ್ಬ. ಹುಲಿ ಬರದಿದ್ದರೆ ಅದೇ ಗೈಡು ಅದೇ ಮೂರು ತಾಸು ಅದೇ ಧೂಳು ಕುಡಿದಿದ್ದರೂ ಜನ ಕೈಕುಲುಕಿ ಇಳಿದು ಹೋಗುತ್ತಾರೆ. ಸಲ್ಲಬೇಕಾದ ಭಕ್ಷೀಸು ಹುಲಿಗೆ. ಅದು ತೆಗೆದುಕೊಳ್ಳದಿರುವುದರಿಂದ ಮನುಷ್ಯನಿಗೆ. ಊಟ ಬಡಿಸಿದ ಮಾಣಿಗೆ ಸಿಗುತ್ತದೆ, ಒಳಗೆ ಪಾತ್ರೆ ತಿಕ್ಕಿದವನಿಗೆ ಇಲ್ಲ. ಹೋಂಸ್ಟೇಯಲ್ಲಿ ಒಡತಿಯ ಅಕ್ಕಿರೊಟ್ಟಿಯನ್ನು ಬಾಯ್ತುಂಬ ಹೊಗಳಿ, ಆ ರೊಟ್ಟಿ ತಟ್ಟಿದ ಹೆಂಗಸಿನ ಹೆಸರು ಕೇಳದೆ ಹೊರಡುತ್ತೇವೆ. ಎಲ್ಲಕ್ಕಿಂತ ಹೆಚ್ಚು ಮರೆಯಾಗುವವಳು ರೂಮು ಗುಡಿಸುವವಳು. ನಾವು ಹೊರಗೆ ಹೋದಾಗ ಬಂದು, ಬರುವ ಮೊದಲೇ ಹೋಗಿಬಿಡಬೇಕು ಎನ್ನುವುದು ಅವಳ ಕೆಲಸದ ಷರತ್ತು. ನಮ್ಮ ಕೂದಲು, ನಮ್ಮ ವಾಂತಿ, ನಮ್ಮ ಮಕ್ಕಳ ಡಯಾಪರು ಎತ್ತುವ ಅವಳಿಗೆ ಟಿಪ್ಸ್ ಕೊಡುವ ಶಿಷ್ಟಾಚಾರವನ್ನು ನಮಗೆ ಯಾರೂ ಕಲಿಸಿಲ್ಲ. ಕಕ್ಕಸು ತೊಳೆಯುವ ಕೆಲಸವನ್ನೂ ತೊಳೆಯುವವರನ್ನೂ ನೋಡದಂತೆ ನಮ್ಮ ಕಣ್ಣಿಗೆ ಜಾತಿ ಬಹಳ ಹಿಂದೆಯೇ ತರಬೇತಿ ಕೊಟ್ಟಿದೆ. ಪ್ರವಾಸದಲ್ಲಿ ಆ ಕಣ್ಣನ್ನೇನು ಮನೆಯಲ್ಲಿ ಬಿಟ್ಟು ಬರುತ್ತೇವೆಯೆ?

ಈಗ ಹೊಸದೊಂದು ನೆಪವೂ ಸಿಕ್ಕಿದೆ: 'ಕ್ಯಾಶ್ ಇಲ್ಲ.' ಚಹಾದಂಗಡಿಯ ಹತ್ತು ರೂಪಾಯಿಗೂ ಸ್ಕ್ಯಾನು ಮಾಡುವ ನಾವು ಟಿಪ್ಸ್ ಹೊತ್ತಿಗೆ ನಗದಿನ ಕಾಲವನ್ನು ನೆನೆದು ನಿಟ್ಟುಸಿರು ಬಿಡುತ್ತೇವೆ. ಕೌಂಟರಿನ ಮೇಲಿರುವ ಕೋಡಿಗೆ ಹಾಕಿದ್ದು ಮಾಲೀಕನ ಖಾತೆಗೆ ಹೋಗುತ್ತದೆ. ಆ ಹುಡುಗನ ಫೋನಿನಲ್ಲೂ ಕೋಡು ಇರುತ್ತದೆ, ಕೇಳಿದರೆ ತೋರಿಸುತ್ತಾನೆ.

ಹೋಟೆಲುಗಳ ಸೇವಾ ಶುಲ್ಕದ ಜಗಳ ನೆನಪಿರಬಹುದು. ಬಿಲ್ಲಿಗೆ ತಾನಾಗಿ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ಹೋಟೆಲು ಮಾಲೀಕರ ಒಕ್ಕೂಟಗಳು ಕೋರ್ಟಿಗೆ ಹೋದವು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕಡ್ಡಾಯ ವಸೂಲಿ ತಪ್ಪು ಎನ್ನುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ನನ್ನ ಸುತ್ತಲಿನವರ ಸಂಭ್ರಮ ನೋಡಿ ಬೇಸರವಾಯಿತು. ಮಾಲೀಕರು ಕೆಲಸಗಾರರ ಹೆಸರು ಹೇಳಿ ಶುಲ್ಕ ಉಳಿಸಿಕೊಳ್ಳಲು ನೋಡಿದರು, ಗಿರಾಕಿಗಳು ತಮ್ಮ ಹಕ್ಕಿನ ಹೆಸರು ಹೇಳಿ ಗೆದ್ದರು. ಇಷ್ಟು ವರ್ಷ ವಸೂಲಾದ ಹಣದಲ್ಲಿ ಮಾಣಿಗೆ ಸೇರಿದ್ದೆಷ್ಟು, ಇನ್ನು ಮುಂದೆ ಅವನ ಸಂಬಳ ಎಷ್ಟಿರಬೇಕು ಎಂದು ಕೇಳುವ ಮೂರನೆಯ ಪಕ್ಷವೇ ನಮ್ಮ ಮಾತುಕತೆಯಲ್ಲಿ ಇರಲಿಲ್ಲ. ಬ್ರಿಟನ್ನಿನಲ್ಲಿ 2023ರಲ್ಲಿ ಒಂದು ಕಾಯ್ದೆ ಮಾಡಿದರು, 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ: ಗಿರಾಕಿ ಕೊಟ್ಟ ಟಿಪ್ಸಿನಲ್ಲಿ ಮಾಲೀಕ ಒಂದು ಕಾಸೂ ಮುರಿದುಕೊಳ್ಳುವಂತಿಲ್ಲ, ನ್ಯಾಯವಾಗಿ ಹಂಚಬೇಕು, ಲೆಕ್ಕ ಇಡಬೇಕು. ಇಲ್ಲಿ ಇಂಥದ್ದೊಂದನ್ನು ಕೇಳಬಹುದು ಎಂಬ ಕಲ್ಪನೆಯೂ ನಮಗಿಲ್ಲ. ಟಿಪ್ಸ್ ಎನ್ನುವುದು ನಮಗಿನ್ನೂ ಒಳ್ಳೆಯತನದ ವಿಷಯ.

ಸಂಬಳಕ್ಕೆ ಬೇರೆ ಹೆಸರಿಟ್ಟ ಕೂಡಲೇ ಅದು ಚಿಕ್ಕದಾಗುತ್ತದೆ, ತಡವಾಗುತ್ತದೆ, ಕೇಳುವವನು ನಾಚಿಕೊಳ್ಳಬೇಕಾಗುತ್ತದೆ. ಇದನ್ನು ವಿಶ್ವವಿದ್ಯಾಲಯದಲ್ಲಿರುವ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸರ್ಕಾರಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಪಾಠ ಮಾಡುವವರನ್ನು ನಾವು 'ಅತಿಥಿ' ಉಪನ್ಯಾಸಕರು ಎನ್ನುತ್ತೇವೆ, ಅವರಿಗೆ ಕೊಡುವುದನ್ನು 'ಗೌರವಧನ' ಎನ್ನುತ್ತೇವೆ. ಅತಿಥಿಗೆ ಸಂಬಳ ಕೇಳುವ ಹಕ್ಕಿಲ್ಲ; ಗೌರವಕ್ಕೆ ದರ ನಿಗದಿ ಮಾಡುವಂತಿಲ್ಲ. 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲುರಾತ್ರಿ ಕೂತು ಕೇಳಿದ್ದೂ ತಿಂಗಳಿಗೆ 15,000 ರೂಪಾಯಿಯ ಗೌರವಧನವನ್ನೇ. ಅವರ ಧರಣಿಗೆ ಬೆಂಬಲ ಸೂಚಿಸಿ ಬರೆದವರು, ಸಹಿ ಸಂಗ್ರಹಿಸಿದವರು ನಮ್ಮ ಹಾಸ್ಟೆಲಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರಲ್ಲೇ ಇಬ್ಬರು ಆ ಟೆರೇಸಿನ ಮೇಲೂ ಇದ್ದರು. ಫೆಲೋಶಿಪ್ಪು ಮೂರು ತಿಂಗಳು ಬರದಿದ್ದಾಗ ಆಡಳಿತ ಕಚೇರಿಯ ಗುಮಾಸ್ತರು 'ಬಂದಾಗ ಬರುತ್ತಮ್ಮ' ಎಂದದ್ದಕ್ಕೆ ಕೆಂಡವಾಗುವ ನಾವು, ಸಂಜೆ ಹೋಟೆಲಿನಲ್ಲಿ ಚಿಲ್ಲರೆಯನ್ನು ಸೋಂಪಿನ ತಟ್ಟೆಯಲ್ಲಿ ಬಿಟ್ಟು ಎದ್ದು ಮಾಣಿಯ ಮುಖದಲ್ಲಿ ನಗು ಹುಡುಕುತ್ತೇವೆ.

ಆ ನಗುವಿನ ಬಗ್ಗೆಯೂ ಹೇಳಬೇಕು. ಶಿಷ್ಟಾಚಾರದ ಪುಸ್ತಕಗಳು ಬಿಟ್ಟುಬಿಡುವ ವ್ಯಾಪಾರ ಅದು. ಟೋಲು ಕಟ್ಟಿ ಟೋಲುಗೇಟಿನವನಿಂದ ಸಲಾಮು ನಿರೀಕ್ಷಿಸುವುದಿಲ್ಲ. ಟಿಪ್ಸ್ ಕೊಟ್ಟಾಗ ಮಾತ್ರ ನಮಗೆ ಏನೋ ವಾಪಸು ಬರಬೇಕು: ಒಂದು 'ಥ್ಯಾಂಕ್ಯೂ ಮೇಡಂ', ಸ್ವಲ್ಪ ಬಾಗಿದ ಬೆನ್ನು. ಕೊಟ್ಟದ್ದನ್ನು ಆತ ನೋಡದೆ ಜೇಬಿಗಿಳಿಸಿದರೆ 'ಎಷ್ಟು ಕೊಬ್ಬು' ಎನಿಸುತ್ತದೆ. ಹಾಗೆನಿಸುತ್ತಿದ್ದರೆ ಕೊಟ್ಟದ್ದು ಕೂಲಿಯಲ್ಲ, ಕೊಂಡದ್ದು ಕೃತಜ್ಞತೆ.

ಹಾಗಾದರೆ ಏನು ಮಾಡುವುದು ಎಂದರೆ, ನಾನು ಮಾಡುವುದನ್ನು ಹೇಳುತ್ತೇನೆ, ಅದರಲ್ಲಿ ಹೆಚ್ಚುಗಾರಿಕೆಯೇನಿಲ್ಲ. ಹೊರಡುವ ಮೊದಲೇ, ಡೀಸೆಲ್ಲು ಟೋಲಿನ ಜೊತೆಗೇ, ಚಾಲಕನಿಗೆ ದಿನಕ್ಕೆ ಇಷ್ಟು, ರೂಮು ಗುಡಿಸುವವರಿಗೆ ರಾತ್ರಿಗೆ ಇಷ್ಟು ಎಂದು ಎಲ್ಲರಿಂದ ಕೂಡಿಸಿ ಬೇರೆ ಲಕೋಟೆಯಲ್ಲಿಡುವುದು. ಹುಲಿ ಕಂಡರೂ ಕಾಣದಿದ್ದರೂ, ಮುಖ ಗಂಟಿಕ್ಕಿದರೂ ಇಕ್ಕದಿದ್ದರೂ ಆ ಮೊತ್ತ ಬದಲಾಗುವುದಿಲ್ಲ. ಚಾಲಕನದನ್ನು ಪ್ರತಿ ಸಂಜೆ ಕೊಡುವುದು, ಕೊನೆಯ ದಿನಕ್ಕೆ ಕಾಯಿಸಿ ಮೂರು ದಿನ ಅವನನ್ನು ಪರೀಕ್ಷೆಯಲ್ಲಿಡದಿರುವುದು. ಅಷ್ಟು ಕೂಡಿಸಲು ಆಗದಿದ್ದರೆ ಒಂದು ದಿನ ಕಡಿಮೆ ಸುತ್ತಾಡುವುದು, ಇಲ್ಲವೇ ಸಾರಿಗೆ ಸಂಸ್ಥೆಯ ಕೆಂಪು ಬಸ್ಸು ಹತ್ತುವುದು. ಅಲ್ಲಿನ ಚಾಲಕನಿಗೆ ಕೆಎಸ್‌ಆರ್‌ಟಿಸಿ ಸಂಬಳ ಕೊಡುತ್ತದೆ, ಅದು ಸಾಲದಾದಾಗ ಮುಷ್ಕರ ಹೂಡಲು ಅವನಿಗೆ ಸಂಘವಿದೆ, ನನ್ನ ಔದಾರ್ಯ ಅವನಿಗೆ ಬೇಕಿಲ್ಲ. ನಾನು ಕಂಡ ಅತ್ಯಂತ ನೆಮ್ಮದಿಯ ಸಂಬಂಧ ಅದು.

ಮತ್ತೆ ರೂಮು ಬುಕ್ ಮಾಡುವಾಗ ಕೇಳುವುದು: 'ಡ್ರೈವರಿಗೆ ಮಲಗೋಕೆ ಜಾಗ ಇದೆಯಾ?' ತಮಿಳುನಾಡು ಸರ್ಕಾರ 2023ರಲ್ಲಿ ತನ್ನ ಕಟ್ಟಡ ನಿಯಮಗಳಿಗೆ ತಿದ್ದುಪಡಿ ತಂದು, ಹೋಟೆಲು ಲಾಡ್ಜುಗಳಲ್ಲಿ ಅತಿಥಿಗಳ ವಾಹನ ಚಾಲಕರಿಗೆ ಮಲಗುವ ಜಾಗವನ್ನೂ ಶೌಚಾಲಯವನ್ನೂ ಒದಗಿಸಬೇಕೆಂದಿತು. ನಮ್ಮಲ್ಲಿ ಸದ್ಯಕ್ಕೆ ಫೋನು ಮಾಡಿ ಕೇಳುವುದೇ ದಾರಿ. ಕಳೆದ ಡಿಸೆಂಬರಿನಲ್ಲಿ ಬಾದಾಮಿಗೆ ಹೊರಟಾಗ ಐದು ಕಡೆ ಕೇಳಿದೆ. 'ಗಾಡಿಯಲ್ಲೇ ಮಲಗ್ತಾರೆ ಮೇಡಂ, ಅವರಿಗೆ ಅಭ್ಯಾಸ ಇರುತ್ತೆ,' ಎಂದರು ಮೂವರು, ಹೆಚ್ಚುಕಡಿಮೆ ಇದೇ ಮಾತಿನಲ್ಲಿ. ಒಬ್ಬರಿಗೆ ಪ್ರಶ್ನೆಯೇ ಅರ್ಥವಾಗದೆ ಪಾರ್ಕಿಂಗು ಫ್ರೀ ಎಂದರು. ಐದನೆಯವರು, 'ಹಿಂದುಗಡೆ ಡಾರ್ಮಿಟರಿ ಐತ್ರಿ, ಇನ್ನೂರು ರೂಪಾಯಿ, ಬಿಸಿನೀರು ಏಳರ ತನಕ ಅಷ್ಟೆ' ಎಂದರು. ಅವರ ರೂಮುಗಳ ಗೋಡೆಗೆ ತೇವ ಹಿಡಿದಿತ್ತು, ಫ್ಯಾನು ಸದ್ದು ಮಾಡುತ್ತಿತ್ತು. ಮೂರು ರಾತ್ರಿ ಅಲ್ಲೇ ಇದ್ದೆವು.